ಕುವೆಂಪುನಗರದಿಂದ ಸನಿವೇಲ್‌ಗೆ ಎಷ್ಟು ಹೊತ್ತು?

2021ರ ಜನವರಿ 11, ಸೋಮವಾರ. ಇನ್ನೂ ಬೆಳಕು ಹರಿಯುವ ಮೊದಲೇ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಬಂದಿಳಿಯಿತು. ಅದು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟದ್ದು ಅಲ್ಲಿನ ಶನಿವಾರ ರಾತ್ರಿ. ನಡುವೆ ಎಲ್ಲೂ ಇಳಿದಿರಲಿಲ್ಲ. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಹಾದಿ ಹಿಡಿದು ಬಂದೆವು ಎಂದು ಏರ್ ಇಂಡಿಯಾ ಸಾರಿತು. ಎರಡೂ ನಿಲ್ದಾಣಗಳ ನಡುವಿನ ನೇರ ದೂರ 13,993 ಕಿಲೋಮೀಟರ್, ಹಾರಾಟದ ಹೊತ್ತು 17 ಗಂಟೆಗೂ ಮೇಲೆ. ದಕ್ಷಿಣ ಭಾರತಕ್ಕೂ ಅಮೆರಿಕದ ಪಶ್ಚಿಮ ಕರಾವಳಿಗೂ ನಡುವೆ ನೇರ ವಿಮಾನ ಹಾರಿದ್ದು ಅದೇ ಮೊದಲು.

ಮಾರನೆಯ ದಿನದ ಪತ್ರಿಕೆಯಲ್ಲಿ ಇದನ್ನು ಓದಿದ ಮೈಸೂರಿನ ಕುವೆಂಪುನಗರದ ನಿವೃತ್ತ ಭೂಗೋಳ ಮೇಷ್ಟರೊಬ್ಬರು ಮೊದಲು ಮಾಡಿದ ಕೆಲಸ, ಹಳೆಯ ಅಟ್ಲಾಸ್ ತೆಗೆದು ಅದರ ಅಂಚಿನಲ್ಲಿ ಪೆನ್ಸಿಲಿನಿಂದ 13,993 ಎಂದು ಬರೆದದ್ದು. ಅದೇ ಅಂಚಿನಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಬರೆದ ಚೆನ್ನೈ, ಸಿಂಗಪುರ, ಫ್ರಾಂಕ್‌ಫರ್ಟ್‌ಗಳ ಲೆಕ್ಕಗಳೂ ಇದ್ದವು. ಅವರ ಹೆಂಡತಿಗೆ ಅಂಕಿಯ ಗೊಡವೆ ಇರಲಿಲ್ಲ.

“ರೀ, ಹಾಗಾದ್ರೆ ಇನ್ಮೇಲೆ ಫ್ರಾಂಕ್‌ಫರ್ಟ್‌ನಲ್ಲಿ ಗೇಟು ಹುಡುಕ್ಕೊಂಡು ಓಡೋದು ತಪ್ಪಿತು ಅನ್ನಿ” ಎಂದರು.

ಮಗಳು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನೆಲೆಸಿ ಆಗಲೇ ಎರಡು ದಶಕ ದಾಟಿತ್ತು. ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅವಳು ಹೊರಟದ್ದು ತೊಂಬತ್ತರ ದಶಕದ ಕೊನೆಯಲ್ಲಿ, ವೈಟುಕೆ ಎಂಬ ಮಂತ್ರ ಮೈಸೂರಿನ ಮನೆಮನೆಗೂ ತಲುಪಿದ್ದ ಕಾಲದಲ್ಲಿ. ಆಗ ಬೆಂಗಳೂರಿನ ವಿಮಾನ ನಿಲ್ದಾಣ ಎಂದರೆ ಎಚ್‌ಎಎಲ್. ಅಲ್ಲಿಂದ ಹೊರದೇಶಕ್ಕೆ ಹೋಗುವ ವಿಮಾನಗಳು ಬೆರಳೆಣಿಕೆಯಷ್ಟು. ಹಾಗಾಗಿ ವೀಸಾಕ್ಕೂ ಚೆನ್ನೈ, ವಿಮಾನಕ್ಕೂ ಚೆನ್ನೈ. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಚೆನ್ನೈ. ಇಡೀ ದಿನ ನೆಂಟರ ಮನೆಯಲ್ಲಿ ಕಾದು, ರಾತ್ರಿ ಸಿಂಗಪುರದ ವಿಮಾನ. ಅಲ್ಲಿಂದ ಮತ್ತೊಂದು.

ಹೊರಡುವ ಹಿಂದಿನ ವಾರ ಮನೆಯಲ್ಲಿ ನಡೆದದ್ದೆಲ್ಲ ತೂಕದ ಮಾತು. ಆ ಕಾಲಕ್ಕೆ ಅಮೆರಿಕದ ವಿಮಾನಗಳಲ್ಲಿ 32 ಕೆ.ಜಿ.ಯ ಎರಡು ಪೆಟ್ಟಿಗೆ ಒಯ್ಯಲು ಬಿಡುತ್ತಿದ್ದರು. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಮೂರು ಲೀಟರಿನ ಪ್ರೆಶರ್ ಕುಕ್ಕರ್, ಅದರ ಒಳಗೆ ಒಗ್ಗರಣೆ ಸೌಟು. ಪೆಟ್ಟಿಗೆಯನ್ನು ಬೀದಿ ತಿರುವಿನ ದಿನಸಿ ಅಂಗಡಿಗೆ ಒಯ್ದು, ಅಕ್ಕಿಮೂಟೆ ತೂಗುವ ತಕ್ಕಡಿಯ ಮೇಲಿಟ್ಟು ನೋಡಿದಾಗ 34 ತೋರಿಸಿತು. ಅಂಗಡಿಯ ಕಟ್ಟೆಯ ಮೇಲೇ ಪೆಟ್ಟಿಗೆ ಬಿಚ್ಚಿ ಉಪ್ಪಿನಕಾಯಿ ಜಾಡಿಯೊಂದನ್ನು ಹೊರಗೆ ತೆಗೆದದ್ದಾಯಿತು. ಮಗಳು ರೈಲು ಹತ್ತಿದ ಮೂರನೆಯ ದಿನ “ತಲುಪಿದೆ ಅಪ್ಪಾ” ಎಂದು ಫೋನು ಬಂತು. ಐಎಸ್‌ಡಿ ಕರೆಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಏರುತ್ತಿದ್ದ ಕಾಲ, ಮಾತು ಅಷ್ಟಕ್ಕೇ ಮುಗಿಯಿತು. ಮೈಸೂರಿನ ಮನೆಯಿಂದ ಅಲ್ಲಿನ ಮನೆಗೆ ಸರಿಸುಮಾರು ಅರವತ್ತು ಗಂಟೆ.

ಅದಕ್ಕೂ ಮುಂಚೆ ಹೋದವರ ಲೆಕ್ಕ ಬೇರೆಯೇ. 1892ರಲ್ಲಿ ಸ್ವಾಮಿ ವಿವೇಕಾನಂದರು ಮೈಸೂರಿಗೆ ಬಂದಾಗ ಹತ್ತನೆಯ ಚಾಮರಾಜೇಂದ್ರ ಒಡೆಯರು ಅವರನ್ನು ಅರಮನೆಗೆ ಕರೆಸಿ ಸತ್ಕರಿಸಿದರು, ಪಶ್ಚಿಮ ದೇಶಗಳ ಪ್ರಯಾಣಕ್ಕೆ ನೆರವಾಗಲು ಮುಂದೆ ಬಂದರು. ಮರುವರ್ಷ ಮೇ 31ರಂದು ವಿವೇಕಾನಂದರು ಮುಂಬಯಿಯಲ್ಲಿ ಹಡಗು ಹತ್ತಿದರು. ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನ್ ಹಾದು ಕೆನಡಾದ ವ್ಯಾಂಕೋವರ್ ಮುಟ್ಟಿದ್ದು ಜುಲೈ 25ಕ್ಕೆ. 55 ದಿನ. ಅಲ್ಲಿಂದ ಶಿಕಾಗೊಗೆ ರೈಲು.

1956ರಲ್ಲಿ ಆರ್. ಕೆ. ನಾರಾಯಣ್ ಅಮೆರಿಕಕ್ಕೆ ಹೋದರು. ಮಾಲ್ಗುಡಿ ಎಂಬ ಊರನ್ನು ಮೈಸೂರಿನಲ್ಲಿ ಕೂತು ಕಟ್ಟಿದ ಅವರು ‘ದಿ ಗೈಡ್’ ಕಾದಂಬರಿಯನ್ನು ಬರೆದದ್ದು ಮಾತ್ರ ಬರ್ಕ್ಲಿಯ ಹೋಟೆಲೊಂದರ ಕೋಣೆಯಲ್ಲಿ. ಬರ್ಕ್ಲಿ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿ. ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯ. ಮೇಷ್ಟ್ರು ಅದನ್ನು ನೋಡಲು ಹೋದಾಗಲೆಲ್ಲ ಅಲ್ಲಿನವರಿಗೆ ಈ ಸಂಗತಿಯನ್ನು ಹೇಳದೆ ಬರುತ್ತಿರಲಿಲ್ಲ. ಮಗಳ ಮನೆ ಬರ್ಕ್ಲಿಗೆ ಹತ್ತಿರ ಎಂಬುದನ್ನೂ ಸೇರಿಸುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ಮೊಮ್ಮಗ ಮೈಸೂರಿಗೆ ಬಂದಿದ್ದಾಗ ಅವನಿಗೂ ತಾತನಿಗೂ ವಿಮಾನದ ದಾರಿಯ ಬಗ್ಗೆ ವಾದ ಹತ್ತಿತು. ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಬಲಕ್ಕೆ ಗೆರೆ ಎಳೆದರೆ ಚೀನಾ, ಜಪಾನ್, ಪೆಸಿಫಿಕ್ ಸಾಗರ. ಎಡಕ್ಕೆ ಎಳೆದರೆ ಅರೇಬಿಯಾ, ಆಫ್ರಿಕಾ, ಅಟ್ಲಾಂಟಿಕ್. ಎರಡರಲ್ಲಿ ಯಾವುದು ಹತ್ತಿರ ಎಂಬುದು ಹುಡುಗನ ಪ್ರಶ್ನೆ. ಮೇಷ್ಟ್ರು ಬೀರುವಿನ ಮೇಲಿದ್ದ ಗ್ಲೋಬನ್ನು ಇಳಿಸಿ, ಧೂಳು ಒರೆಸಿ, ದೇವರ ಮನೆಯಿಂದ ಹೂ ಕಟ್ಟುವ ದಾರದ ಉಂಡೆ ತರಿಸಿದರು. ದಾರದ ಒಂದು ತುದಿಯನ್ನು ಹುಡುಗ ಬೆಂಗಳೂರಿನ ಮೇಲೆ ಒತ್ತಿ ಹಿಡಿದ. ಇನ್ನೊಂದು ತುದಿಯನ್ನು ತಾತ ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಬಿಗಿಯಾಗಿ ಎಳೆದರು. ದಾರ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೆಟ್ಟಗೆ ಮೇಲಕ್ಕೆ ಜಾರಿ ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳ ಮೇಲೆ ಹಾದು, ಅಲಾಸ್ಕಾ ದಾಟಿ ಕೆಳಗಿಳಿಯಿತು.

“ತಾತಾ, ಇದು ಸುಮ್ನೆ ಸುತ್ತು ಹಾಕ್ತಿದೆ” ಎಂದ ಹುಡುಗ.

“ಸುತ್ತು ಹಾಕೋದು ಗೋಡೆ ಮೇಲಿರೋ ಪಟ ಕಣೋ. ದಾರಕ್ಕೆ ಸುತ್ತು ಗೊತ್ತಿಲ್ಲ” ಎಂದರು ಮೇಷ್ಟ್ರು.

ಕಾರಣ ಸರಳ. ಬೆಂಗಳೂರು ಇರುವುದು ಪೂರ್ವ ರೇಖಾಂಶ 77.7 ಡಿಗ್ರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಪಶ್ಚಿಮ ರೇಖಾಂಶ 122.4ರಲ್ಲಿ. ಎರಡನ್ನೂ ಕೂಡಿಸಿದರೆ 200 ಡಿಗ್ರಿ. ಅಂದರೆ ಒಂದು ಊರು ಭೂಮಿಯ ಈ ಮಗ್ಗುಲಾದರೆ ಇನ್ನೊಂದು ಹೆಚ್ಚುಕಡಿಮೆ ಆ ಮಗ್ಗುಲು. ಎರಡೂ ಉತ್ತರಾರ್ಧಗೋಳದಲ್ಲೇ ಇರುವುದರಿಂದ ಹತ್ತಿರದ ದಾರಿ ಭೂಮಿಯ ನೆತ್ತಿಯ ಕಡೆಗೆ ಹೋಗಲೇಬೇಕು. ಆ ದಾರಿಯ ಅತಿ ಎತ್ತರದ ಬಿಂದು ಉತ್ತರ ಅಕ್ಷಾಂಶ 71 ಡಿಗ್ರಿ, ಸೈಬೀರಿಯಾದ ಪೂರ್ವ ಅಂಚಿನಲ್ಲಿ. ಎರಡು ಊರುಗಳ ನಡುವಿನ ಕೋನ 126 ಡಿಗ್ರಿ, ಒಂದು ಡಿಗ್ರಿಗೆ 111 ಕಿಲೋಮೀಟರ್. ಗುಣಿಸಿದರೆ 13,986. ಕಂಪನಿ ಹೇಳಿದ 13,993ಕ್ಕೂ ಮೇಷ್ಟರ ಗುಣಾಕಾರಕ್ಕೂ ಏಳೇ ಕಿಲೋಮೀಟರ್ ಅಂತರ. ಧ್ರುವದ ಮೇಲೇ ಹಾದು ಹೋದರೂ 14,400 ಕಿಲೋಮೀಟರ್ ದಾಟುವುದಿಲ್ಲ, ಹೆಚ್ಚಾಗುವುದು ನಾನೂರು ಕಿಲೋಮೀಟರ್ ಮಾತ್ರ. ಆ ನಾಲ್ವರು ಪೈಲಟ್‌ಗಳು ಧ್ರುವದ ಹಾದಿ ಹಿಡಿದುದರಲ್ಲಿ ಸಾಹಸದಷ್ಟೇ ಲೆಕ್ಕವೂ ಇತ್ತು.

ಆದರೆ ವಿಮಾನಗಳು ದಾರದ ಮೇಲೆ ಹಾರುವುದಿಲ್ಲ. ದಾರ ಸಲೀಸಾಗಿ ದಾಟಿದ ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಸಾವಿರ ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಥಟ್ಟನೆ ಕುಸಿದರೆ ಪೈಲಟ್ ಸುಮಾರು ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಯಬೇಕು, ಏಕೆಂದರೆ ಪ್ರಯಾಣಿಕರ ಆಮ್ಲಜನಕದ ಮುಖವಾಡಗಳು ಕೆಲಸ ಮಾಡುವುದು ಕೆಲವೇ ನಿಮಿಷ. ಟಿಬೆಟಿನ ಮೇಲೆ ಅಷ್ಟು ಕೆಳಗಿಳಿದರೆ ಇರುವುದು ಬೆಟ್ಟ. ಹಾಗಾಗಿ ಹೆಚ್ಚಿನ ವಿಮಾನಗಳು ಆ ಪ್ರದೇಶವನ್ನು ಬಳಸಿಕೊಂಡೇ ಹೋಗುತ್ತವೆ.

ಇನ್ನು ಗಾಳಿ. ಉತ್ತರಾರ್ಧಗೋಳದಲ್ಲಿ ಹತ್ತು ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಬಲವಾದ ಗಾಳಿ ಇದೆ. ಅದು ಬೆನ್ನಿಗೆ ಸಿಕ್ಕರೆ ಲಾಭ, ಎದುರಾದರೆ ನಷ್ಟ. ಇದನ್ನು ತಿಳಿಯಲು 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಮಾಡಿದ ಬದಲಾವಣೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿಯವರೆಗೆ ಅದರ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ದಾರಿಯಲ್ಲಿ ಸುಮಾರು 13,900 ಕಿಲೋಮೀಟರ್ ಹಾರುತ್ತಿತ್ತು, ಹಿಡಿಯುತ್ತಿದ್ದದ್ದು ಹದಿನಾರು ಗಂಟೆಯ ಆಸುಪಾಸು. ಆ ತಿಂಗಳು ಪೆಸಿಫಿಕ್ ದಾರಿಗೆ ತಿರುಗಿಸಿದರು. ದೂರ 15,300 ಕಿಲೋಮೀಟರಿಗೆ ಏರಿತು, ಹೊತ್ತು ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ಹಾರಿ ಒಂದೂವರೆ ಗಂಟೆ ಮೊದಲೇ ತಲುಪಿದಂತಾಯಿತು. ಈ ಸುದ್ದಿಯ ತುಣುಕನ್ನೂ ಮೇಷ್ಟ್ರು ಕತ್ತರಿಸಿ ಅಟ್ಲಾಸಿನೊಳಗೆ ಇಟ್ಟುಕೊಂಡಿದ್ದಾರೆ. ತರಗತಿಯಲ್ಲಿದ್ದ ಕಾಲಕ್ಕೆ ಇದು ಸಿಕ್ಕಿದ್ದರೆ ಜೆಟ್ ಸ್ಟ್ರೀಮ್ ಪಾಠಕ್ಕೆ ಬೇರೆ ಟಿಪ್ಪಣಿಯೇ ಬೇಕಿರಲಿಲ್ಲ ಎನ್ನುತ್ತಾರೆ.

ಗಾಳಿಯ ಜತೆಗೆ ದೇಶಗಳ ಜಗಳ. ಪಾಕಿಸ್ತಾನ 2019ರ ಫೆಬ್ರುವರಿಯಿಂದ ಜುಲೈವರೆಗೆ ತನ್ನ ವಾಯುಪ್ರದೇಶ ಮುಚ್ಚಿತು, 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಬಾಗಿಲು ಹಾಕಿತು. ದೆಹಲಿಯಿಂದ ಅಮೆರಿಕಕ್ಕೆ ನೇರ ಹೋಗುತ್ತಿದ್ದ ಕೆಲವು ವಿಮಾನಗಳು ಇಂಧನಕ್ಕೆಂದು ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ, ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ವಿಮಾನಗಳಿಗೆ ತೆರೆದೇ ಇತ್ತು. ಆ ದಾರಿಯಲ್ಲಿ 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನದ ಎಂಜಿನ್‌ನಲ್ಲಿ ದೋಷ ಕಂಡು, ಅದು ರಷ್ಯಾದ ದೂರದ ಮೂಲೆಯ ಮಗದಾನ್ ಎಂಬ ಊರಲ್ಲಿ ಇಳಿಯಿತು. 216 ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲೇ ಉಳಿದರು. ಅವರು ಅಮೆರಿಕ ಮುಟ್ಟಿದ್ದು ಜೂನ್ 8ಕ್ಕೆ. ಟಿಕೆಟಿನ ಮೇಲೆ ಅಚ್ಚಾಗಿದ್ದ ಗಂಟೆಗೆ ಆಗ ಯಾವ ಬೆಲೆಯೂ ಉಳಿಯಲಿಲ್ಲ.

ಅದೇ ವರ್ಷದ ಚಳಿಗಾಲದಲ್ಲಿ ಮೇಷ್ಟ್ರು ದಂಪತಿ ಬೆಂಗಳೂರಿನ ನೇರ ವಿಮಾನ ಹತ್ತಿದರು. ವಿಮಾನ ಹೊರಡುತ್ತಿದ್ದದ್ದು ಮಧ್ಯಾಹ್ನ ಎರಡೂವರೆಯ ಸುಮಾರಿಗೆ. ಮೂರು ಗಂಟೆ ಮೊದಲೇ ಇರಬೇಕು, ದಾರಿಯಲ್ಲಿ ಏನಾದರೂ ಆದರೆ ಎಂದು ಇನ್ನೊಂದು ಗಂಟೆ. ಹಾಗಾಗಿ ಮನೆಗೆ ಬೀಗ ಹಾಕಿದ್ದು ಬೆಳಿಗ್ಗೆ ಆರಕ್ಕೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಅವರಿಗೆ ರೂಢಿ. ಈ ಸಲ ಪೆಟ್ಟಿಗೆಗಳು ಹೆಚ್ಚೆಂದು ಟ್ಯಾಕ್ಸಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾಗಿದ್ದ ಬೆಂಗಳೂರು–ಮೈಸೂರು ದಶಪಥ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳನ್ನೆಲ್ಲ ಬದಿಗೆ ಸರಿಸಿ ಓಡುತ್ತದೆ.

“ಮದ್ದೂರು ಬಂದದ್ದೂ ಗೊತ್ತಾಗ್ಲಿಲ್ಲ, ಹೋದದ್ದೂ ಗೊತ್ತಾಗ್ಲಿಲ್ಲ. ವಡೆ ತಗೊಳ್ಳೋಣ ಅಂತಿದ್ದೆ” ಎಂದು ಅವರ ಹೆಂಡತಿ ಪೇಚಾಡಿಕೊಂಡರು.

ಕೆಂಗೇರಿಗೆ ಒಂದೂವರೆ ಗಂಟೆ. ಅಲ್ಲಿಂದ ನಾಯಂಡಹಳ್ಳಿ, ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ ದೇವನಹಳ್ಳಿ ಮುಟ್ಟಲು ಎರಡು ಗಂಟೆಗೂ ಮೇಲೆ. ಮೈಸೂರಿನಿಂದ ಬೆಂಗಳೂರಿಗೆ ಬರುವುದಕ್ಕಿಂತ ಬೆಂಗಳೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗುವುದಕ್ಕೇ ಹೆಚ್ಚು ಹೊತ್ತು. ಡ್ರೈವರ್ ಇದನ್ನು ದಿನವೂ ಕಾಣುವವನು. “ಇವತ್ತು ಪರವಾಗಿಲ್ಲ ಸಾರ್” ಎಂದ.

ವಿಮಾನದೊಳಗೆ ಅರ್ಧ ಮೈಸೂರು, ಅರ್ಧ ಬೆಂಗಳೂರು ಇದ್ದಂತಿತ್ತು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ ಅಮ್ಮಂದಿರು, ಪಾಸ್‌ಪೋರ್ಟಿನ ಚೀಲವನ್ನು ಕೊರಳಿಂದ ತೆಗೆಯದ ಅಪ್ಪಂದಿರು. ಹಿಂದೆ ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಗಬೇಕಿದ್ದಾಗ ಇವರಲ್ಲಿ ಎಷ್ಟೋ ಮಂದಿ ಗಾಲಿಕುರ್ಚಿ ಕೇಳಿ ಪಡೆಯುತ್ತಿದ್ದರು. ಕಾಲು ಗಟ್ಟಿಯಿದ್ದವರೂ ಕೇಳುತ್ತಿದ್ದರು, ಏಕೆಂದರೆ ಗಾಲಿಕುರ್ಚಿ ತಳ್ಳುವವನಿಗೆ ಗೇಟಿನ ದಾರಿ ಗೊತ್ತಿರುತ್ತಿತ್ತು, ಇಂಗ್ಲಿಷ್ ಮಾತಾಡುವ ಫಜೀತಿ ತಪ್ಪುತ್ತಿತ್ತು. ನೇರ ವಿಮಾನ ಅವರಿಗೆ ತಪ್ಪಿಸಿದ್ದು ಗಂಟೆಗಳಿಗಿಂತ ಹೆಚ್ಚಾಗಿ ಆ ಅಳುಕನ್ನು.

ಮೇಷ್ಟ್ರು ಸಿನಿಮಾ ನೋಡಲಿಲ್ಲ. ಮುಂದಿನ ಸೀಟಿನ ಬೆನ್ನಲ್ಲಿದ್ದ ಪರದೆಯಲ್ಲಿ ನಕ್ಷೆ ಹಾಕಿಕೊಂಡು ಕೂತರು. ವೇಗ, ಎತ್ತರ, ಹೊರಗಿನ ಉಷ್ಣಾಂಶ ಒಂದೊಂದಾಗಿ ಬರುತ್ತಿದ್ದವು. ಸೊನ್ನೆಗಿಂತ ಐವತ್ತು ಅರವತ್ತು ಡಿಗ್ರಿ ಕೆಳಗೆ. ವಿಮಾನದ ಇಂಧನ ಜೆಟ್ ಎ-1 ಹೆಪ್ಪುಗಟ್ಟಲು ಶುರುವಾಗುವುದು ಮೈನಸ್ 47ರ ಹೊತ್ತಿಗೆ. ಹಾಗಾಗಿ ಇಂಥ ದಾರಿಗಳಲ್ಲಿ ಪೈಲಟ್‌ಗಳು ಟ್ಯಾಂಕಿನೊಳಗಿನ ಇಂಧನದ ಉಷ್ಣಾಂಶದ ಮೇಲೂ ಕಣ್ಣಿಟ್ಟಿರುತ್ತಾರೆ, ಅದು ತೀರಾ ಇಳಿದರೆ ಎತ್ತರ ಬದಲಿಸುತ್ತಾರೆ. ಪಕ್ಕದ ಸೀಟಿನ ತುಮಕೂರಿನವರೊಬ್ಬರು ಇದನ್ನೆಲ್ಲ ಕೇಳಿಸಿಕೊಂಡು, “ಇದನ್ನ ಇಳಿದ ಮೇಲೆ ಹೇಳ್ಬಹುದಿತ್ತು ಸಾರ್” ಎಂದರು.

ಇಳಿದಾಗ ಅದೇ ದಿನದ ಸಂಜೆ ಐದು ಗಂಟೆ. ಮಧ್ಯಾಹ್ನ ಎರಡೂವರೆಗೆ ಹೊರಟು ಸಂಜೆ ಐದಕ್ಕೆ ಅಮೆರಿಕ! ಗಡಿಯಾರ ನಂಬುವುದಾದರೆ ಎರಡೂವರೆ ಗಂಟೆಯ ಪಯಣ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದೆ ತಿರುಗಿಸುವುದರಿಂದ ಹನ್ನೆರಡೂವರೆ. ಮೈಸೂರಿನಲ್ಲಿ ಆಗ ಮರುದಿನ ಬೆಳಿಗ್ಗೆ ಆರೂವರೆ. ವಲಸೆ ತಪಾಸಣೆಯ ಸಾಲು, ಪೆಟ್ಟಿಗೆಗಾಗಿ ಕಾಯುವುದು, ಮಗಳ ಕಾರು, ಹೆದ್ದಾರಿ 101ರ ಸಂಜೆಯ ದಟ್ಟಣೆ ಎಲ್ಲ ಮುಗಿದು ಸನಿವೇಲ್‌ನ ಮನೆಯಲ್ಲಿ ಕಾಫಿ ಕುಡಿಯುವಾಗ ಮೈಸೂರಿನ ಗಡಿಯಾರದಲ್ಲಿ ಒಂಬತ್ತು. ಬೀಗ ಹಾಕಿದಾಗಿನಿಂದ 27 ಗಂಟೆ. ಅದರಲ್ಲಿ ಆಕಾಶದಲ್ಲಿದ್ದದ್ದು 16. ಮಿಕ್ಕ 11 ಗಂಟೆ ನೆಲದ ಮೇಲೆ, ಸಾಲುಗಳಲ್ಲಿ, ಸಿಗ್ನಲ್‌ಗಳಲ್ಲಿ.

ಕುವೆಂಪುನಗರದಿಂದ ಅರ್ಧ ಗಂಟೆಯೊಳಗೆ ತಲುಪಬಹುದಾದ ವಿಮಾನ ನಿಲ್ದಾಣವೂ ಮೈಸೂರಿಗೆ ಇದೆ. ಮಂಡಕಳ್ಳಿಯದು 1940ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ್ದು. ನವೀಕರಣಗೊಂಡು 2010ರಲ್ಲಿ ಮತ್ತೆ ತೆರೆಯಿತು. ಮುಂದೆ ಉಡಾನ್ ಯೋಜನೆಯಲ್ಲಿ ಚೆನ್ನೈ, ಹೈದರಾಬಾದ್, ಗೋವಾ, ಕೊಚ್ಚಿಗಳಿಗೆ ವಿಮಾನಗಳು ಹಾರಿದವು. ಅದರ ರನ್‌ವೇ ಉದ್ದ 1,740 ಮೀಟರ್, ಎಟಿಆರ್‌ನಂಥ ಚಿಕ್ಕ ವಿಮಾನಕ್ಕಷ್ಟೇ ಸಾಕು. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು 4,000 ಮೀಟರಿನವು. ಮಂಡಕಳ್ಳಿಯ ರನ್‌ವೇಯನ್ನು 2,750 ಮೀಟರಿಗೆ ವಿಸ್ತರಿಸುವ ಯೋಜನೆ ವರ್ಷಗಳಿಂದ ಮಾತಿನಲ್ಲಿದೆ. ಭೂಮಿ ಬೇಕು, ಪಕ್ಕದಲ್ಲೇ ನಂಜನಗೂಡು ಹೆದ್ದಾರಿ ಮತ್ತು ರೈಲು ಹಳಿ ಇವೆ. ವಿಸ್ತರಣೆಯಾದರೂ ಅಮೆರಿಕದ ವಿಮಾನ ಅಲ್ಲಿಗೆ ಬರುವುದಿಲ್ಲ ಎಂಬುದು ಮೇಷ್ಟರಿಗೆ ಗೊತ್ತು. ದೆಹಲಿಗೋ ಮುಂಬಯಿಗೋ ಹೋಗುವ ದೊಡ್ಡ ವಿಮಾನ ಬಂದರೆ ಅಲ್ಲಿಂದ ಮುಂದಕ್ಕೆ ಹೋಗಬಹುದು ಎಂಬುದು ಅವರ ಆಸೆ.

ರೈಲಿನ ಕಡೆ ಒಂದಿಷ್ಟು ಕೆಲಸ ಆಗಿದೆ. ದೇವನಹಳ್ಳಿ ಹಾದಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಪುಟ್ಟ ರೈಲು ನಿಲುಗಡೆಯೊಂದು 2021ರ ಜನವರಿಯಲ್ಲಿ ಶುರುವಾಯಿತು, ಧ್ರುವದ ದಾರಿಯ ಆ ವಿಮಾನ ಬಂದಿಳಿಯುವುದಕ್ಕೆ ಒಂದು ವಾರ ಮೊದಲು. 2022ರ ನವೆಂಬರ್ 11ರಂದು ಒಂದೇ ದಿನ ಮೈಸೂರು–ಚೆನ್ನೈ ವಂದೇ ಭಾರತ್ ರೈಲಿಗೂ ಕೆಂಪೇಗೌಡ ನಿಲ್ದಾಣದ ಎರಡನೆಯ ಟರ್ಮಿನಲ್‌ಗೂ ಚಾಲನೆ ಸಿಕ್ಕಿತು. ಮೈಸೂರಿನಲ್ಲಿ ಹತ್ತಿದವರು ಪೆಟ್ಟಿಗೆ ಕೆಳಗಿಳಿಸದೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಇಳಿಯುವಂಥ, ವಿಮಾನಗಳ ವೇಳೆಗೆ ಹೊಂದುವ ರೈಲೊಂದನ್ನು ಕೊಟ್ಟರೆ ಮಂಡ್ಯ, ಚಾಮರಾಜನಗರ, ಕೊಡಗಿನವರಿಗೂ ಉಪಕಾರವಾದೀತು. ಸಂಸದರೂ ರೈಲ್ವೆಯವರೂ ಇದನ್ನು ಗಮನಿಸಲಿ.

ಅಲ್ಲಿಯವರೆಗೆ ಮಕ್ಕಳ ಮನೆಗೆ ಹೊರಟ ಮೈಸೂರಿನ ಹಿರಿಯರಿಗೆ ಮೇಷ್ಟ್ರು ಹೇಳುವುದಿಷ್ಟು. ಟಿಕೆಟಿನಲ್ಲಿ ಹದಿನಾರು ಗಂಟೆ ಎಂದಿದ್ದರೆ ಅದಕ್ಕೆ ಇನ್ನೊಂದು ಹನ್ನೊಂದು ಸೇರಿಸಿಕೊಳ್ಳಿ. ಎರಡು ದಿನಕ್ಕಾಗುವಷ್ಟು ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಪೆಟ್ಟಿಗೆಗೆ ಹಾಕಬೇಡಿ. ಗಂಟೆಗೊಮ್ಮೆ ಎದ್ದು ವಿಮಾನದಲ್ಲೇ ಒಂದು ಸುತ್ತು ನಡೆಯಿರಿ. ತಲುಪಿದ ಮೇಲೆ ಊರಿಗೆ ಫೋನು ಮಾಡುವ ಮೊದಲು ಇಲ್ಲಿ ಎಷ್ಟು ಗಂಟೆ ಎಂದು ಒಮ್ಮೆ ನೋಡಿಕೊಳ್ಳಿ.